ಹುಳದ ಮನೆಯ ಇಂಗ್ಲಿಷ್ ಕ್ಲಾಸು

ನಮ್ಮ ಸೀಮೆಯಲ್ಲಿ ಅತಿ ಹೆಚ್ಚು ಇಂಗ್ಲಿಷ್ ಕೇಳಿಸಿಕೊಂಡ ಜೀವಿಗಳು ಅಂದರೆ ದಿಬ್ಬೂರಹಳ್ಳಿಯ ನನ್ನ ತಮ್ಮನ ಮನೆಯ ರೇಷ್ಮೆಹುಳುಗಳು. ಕೇಳಿಸುವವಳು ತಮ್ಮನ ಹೆಂಡತಿ.

ಹುಳು ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನುವುದನ್ನು ನಿಲ್ಲಿಸಿ, ತಲೆಯೆತ್ತಿ ಅಲ್ಲಾಡದೆ ಕೂರುತ್ತದೆ. ಆಗ ಅದನ್ನು ಮುಟ್ಟಬಾರದು. ಸಾಕುವವರಿಗೂ ಅದೇ ಬಿಡುವು. ಬೇರೆ ಹೆಂಗಸರು ಒಂದು ನಿದ್ದೆ ತೆಗೆಯುವ ಆ ಹೊತ್ತಿನಲ್ಲಿ ಇವಳು ಮೊಬೈಲ್ ಹಿಡಿದು, ಹುಳದ ತಟ್ಟೆಗಳ ಮುಂದೆ ನಿಂತು, "ಹೌ ಡು ಯೂ ಡು?" ಎನ್ನುತ್ತಾಳೆ. ಇಷ್ಟು ಶಿಸ್ತಾಗಿ ತಲೆಯೆತ್ತಿ ಕೇಳುವವರು ಯಾವ ಮೇಷ್ಟ್ರಿಗೆ ಸಿಕ್ಕಾರು!

ಹುಳದ ಮುಂದೇ ಯಾಕಮ್ಮ ಎಂದು ಕೇಳಿದ್ದಕ್ಕೆ, "ಹುಳ ನಗಲ್ಲ ಭಾವ, ಅದಕ್ಕೇ" ಎಂದಳು.

ತಮ್ಮ ಫೋನು ಮಾಡಿದ. "ಪಿಚ್ಚಿ ಹಿಡ್ದೈತೆ ಅಣ್ಣ ಇವ್ಳಿಗೆ. ನೆನ್ನೆ ಹುಳಕ್ಕೆ 'ಡೋಂಟ್ ವರಿ' ಅಂತಿದ್ಳು."

ನನಗೆ ಹೊಟ್ಟೆಕಿಚ್ಚಾಯಿತು. ಹುಟ್ಟಿದಾರಭ್ಯ ಚಿಂತೆ ಮಾಡುತ್ತಿರುವ ನನಗೆ ಆ ಮಾತನ್ನು ಯಾರೂ ಹೇಳಿಲ್ಲ.

ಹಬ್ಬದ ದಿನ, "ಒಬ್ಬಟ್ಟು ಕಷ್ಟ ಆಯ್ತೇನಮ್ಮ?" ಎಂದೆ. "ಪೀಸ್ ಆಫ್ ಕೇಕ್, ಭಾವ" ಎಂದಳು. ತೀರ ಸುಲಭ ಎನ್ನುವುದಕ್ಕೆ ಇಂಗ್ಲಿಷಿನ ಮಾತು ಅದು ಎಂದು ತಿಳಿಯದ ನನ್ನ ಹೆಂಡತಿ ಕೈ ತೊಳೆಯದೆ ಕೇಕಿಗಾಗಿ ಕಾದಳು.

ಇದೆಲ್ಲ ತಮಾಷೆಯಾಗಿತ್ತು, ಶಿಡ್ಲಘಟ್ಟದ ಶಾಲೆಯಿಂದ ಕರೆ ಬರುವ ತನಕ. ಅವಳ ಮಗಳು ಊರಿನ ಕನ್ನಡ ಶಾಲೆ ಬಿಟ್ಟು ಇಂಗ್ಲಿಷ್ ಶಾಲೆ ಸೇರಿದ ಮೇಲೆ ತರಗತಿಯಲ್ಲಿ ಬಾಯೇ ಬಿಟ್ಟಿರಲಿಲ್ಲ. ಹೀಗೇ ಆದರೆ ಮಗುವನ್ನು ಒಂದು ಕ್ಲಾಸು ಹಿಂದೆ ಕೂರಿಸುತ್ತಾರಂತೆ. ತಮ್ಮ ಹೆದರಿ, ಅವಳ ಜೊತೆ ನನ್ನನ್ನು ಕಳಿಸಿದ. ಹೆದರಿದವನು ಹೆದರುವವನನ್ನೇ ಹುಡುಕಿದ ಹಾಗೆ!

ಬಸ್ಸಿನಲ್ಲಿ ಹೇಳಿದೆ. "ಅಲ್ಲಿ ಇಂಗ್ಲಿಷ್ ಬೇಡ ಕಣಮ್ಮ. ನಾನು ಮಾತಾಡ್ತೀನಿ."

"ನೀವಾ?" ಎಂದು ಕಿಟಕಿಯ ಕಡೆ ತಿರುಗಿ ಕೂತಳು.

ಶಾಲೆಯಲ್ಲಿ ಮೇಡಂ ಇಂಗ್ಲಿಷಿನಲ್ಲಿ ಮಾತಿನ ಹೊಳೆ ಹರಿಸಿದರು. ಆಫೀಸಿನ ಕಡತದಲ್ಲಿ ಧಾರಾಳವಾಗಿ ಬರುವ ನನ್ನ ಇಂಗ್ಲಿಷು ಕಡತದಲ್ಲೇ ಉಳಿಯಿತು. "ಯೆಸ್" ಎಂದೆ. ಯಾವುದಕ್ಕೆ ಒಪ್ಪಿದೆನೋ! ಹಿಂದಿನ ಕ್ಲಾಸಿಗೇ ಒಪ್ಪಿಬಿಟ್ಟೆನೇ?

ಅಷ್ಟರಲ್ಲಿ ಅವಳು ಎದ್ದು ನಿಂತಳು.

"ಮೇಡಂ. ಸಿಲ್ಕ್ ವರ್ಮ್, ಸಮ್ ಟೈಮ್, ನೋ ಈಟಿಂಗ್. ನೋ ಮೂವಿಂಗ್. ಹೆಡ್ ಅಪ್ ಓನ್ಲಿ. ವಿ ನೋ ಟಚ್. ಆಫ್ಟರ್, ನ್ಯೂ ಸ್ಕಿನ್. ಫುಲ್ ಈಟಿಂಗ್." ಉಸಿರು ಎಳೆದುಕೊಂಡಳು. "ಮೈ ಡಾಟರ್, ನೌ, ಹೆಡ್ ಅಪ್. ಪ್ಲೀಸ್ ವೇಟ್, ಮೇಡಂ."

ನಾನು ನೆಲ ನೋಡಿದೆ. ನಗು ಬರಲಿಲ್ಲ. ಮೇಡಂ ಕನ್ನಡದಲ್ಲಿ, "ನಮ್ಮನೇಲೂ ಹುಳ ಮೇಯಿಸ್ತಿದ್ರಮ್ಮ. ಪರೀಕ್ಷೆ ತನಕ ಕಾಯೋಣ" ಎಂದರು.

ಮುಂದಿನ ಭಾನುವಾರ ದಿಬ್ಬೂರಹಳ್ಳಿಗೆ ಹೋದೆ. ಅವಳು ಹುಳದ ಮನೆಯ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಳು. ನನ್ನನ್ನು ಕಂಡು ತುಟಿಗೆ ಬೆರಳಿಟ್ಟಳು.

"ಒಳಗೆ ಹೋಗ್ಬೇಡಿ ಭಾವ. ಹುಳ ತಲೆ ಎತ್ತವೆ."

ಬಾಗಿಲಾಚೆಯಿಂದ ಮಗುವಿನ ಸಣ್ಣ ದನಿ. "ಹೌ ಡು ಯೂ ಡು? ಮೈ ನೇಮ್ ಈಸ್..." ತಡೆಯಿತು. ಮತ್ತೆ ಮೊದಲಿನಿಂದ ಶುರುವಾಯಿತು.

ನನಗೆ ಕೆಮ್ಮು ಬರುತ್ತಿತ್ತು. ತಡೆದುಕೊಂಡು, ಚಪ್ಪಲಿ ಬಿಟ್ಟು, ಅವಳ ಪಕ್ಕದಲ್ಲಿ ಅಲ್ಲಾಡದೆ ಕೂತೆ.