ಮುಖ ಮರೆಯುವ ಸೂತ್ರ

ತೊಂದರೆ ಶುರುವಾದದ್ದು ಲೆಕ್ಕಪ್ಪನ ಮುಖದಿಂದಲೇ. ಮಿದುಳಿನ ಜೀವಕೋಶಗಳ ನಡುವಿನ ಬೆಸುಗೆ ಬಳಸಿದಷ್ಟೂ ಗಟ್ಟಿಯಾಗುತ್ತದೆ, ಬಳಸದಿದ್ದರೆ ಸಡಿಲವಾಗುತ್ತದೆ. ಕಲಿಕೆ, ಮರೆವು ಅಂದರೆ ಇಷ್ಟೇ. ಇದನ್ನು ಸೂತ್ರಕ್ಕಿಳಿಸಿ, ಪ್ರಯೋಗಾಲಯದ ಗಣಿತಜ್ಞನಾದ ಅವನು ಮುಖ ಗುರುತಿಸುವ ಮಿದುಳೊಂದನ್ನು ಕಂಪ್ಯೂಟರಿನಲ್ಲಿ ಕಟ್ಟಿದ್ದ. ಮೂರು ಲೋಕದಲ್ಲಿ ಅಂಥದ್ದು ಇನ್ನೊಂದಿಲ್ಲ, ಬೇಕಾದರೆ ಹುಡುಕಿ ಬನ್ನಿ. ಆದರೆ ತಿಂಗಳುಗಟ್ಟಲೆ ಅದರ ಕ್ಯಾಮೆರಾದ ಮುಂದೆ ಕೂತವನು ಅವನೊಬ್ಬನೇ. ಹಾಗಾಗಿ ಯಾರನ್ನು ಕಂಡರೂ ಅದು "ಲೆಕ್ಕಪ್ಪ" ಅನ್ನುತ್ತಿತ್ತು. ಫ್ಯಾನನ್ನೂ ಬಿಡಲಿಲ್ಲ.

ಆ ದಿನ ಸಂಜೆ ಸಂಸ್ಥೆಯ ನಿರ್ದೇಶಕರು ಯಂತ್ರದ ಪರೀಕ್ಷೆಗೆ ಬರುವವರಿದ್ದರು. ಗೆದ್ದರೆ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಗಂಟುಮೂಟೆ.

"ತಲೆ ಕೆಡಿಸ್ಕೋಬೇಡಪ್ಪ, ನಾವಿಲ್ವಾ," ಎಂದು ಜೀವಶಾಸ್ತ್ರದ ಅಕ್ಕ ಇಡೀ ಪ್ರಯೋಗಾಲಯವನ್ನೇ ಎಬ್ಬಿಸಿಕೊಂಡು ಬಂದರು.

"ಮರೆಯೋ ವೇಗ ಜಾಸ್ತಿ ಮಾಡು. ಮೊದಲು ನಿನ್ನ ಮೋರೆ ತೊಲಗ್ಲಿ," ಅಂದ ಪಕ್ಕದ ಮೇಜಿನ ಭೌತಶಾಸ್ತ್ರಿ.

ಲೆಕ್ಕಪ್ಪ ಮರೆವಿನ ಅಂಕಿಯನ್ನು ಏರಿಸಿದ. ಕ್ಯಾಮೆರಾದ ಮುಂದೆ ಕೂತು ತನ್ನ ಮುಖ ಕಲಿಸಿದ ಭೌತಶಾಸ್ತ್ರಿ ಒಮ್ಮೆ ಸೀನಿ ತಲೆಯೆತ್ತುವಷ್ಟರಲ್ಲಿ ಯಂತ್ರ ಅವನನ್ನು ಮರೆತಿತ್ತು.

"ಥೇಟ್ ನಮ್ಮ ಮಾವ," ಎಂದರು ಅಕ್ಕ. "ಸ್ವಲ್ಪ ಇಳಿಸು. ನಾವು ಮತ್ತೆ ಮತ್ತೆ ಬಂದು ಕೂರ್ತೀವಿ. ನೀನು ಮಾತ್ರ ಎದುರಿಗೆ ಸುಳೀಬೇಡ."

ಲೆಕ್ಕಪ್ಪ ಕೀಲಿಮಣೆ ಅವುಚಿಕೊಂಡು ಮೇಜಿನ ಕೆಳಗೆ ತೂರಿಕೊಂಡ. ಮೇಲೆ ಜಾತ್ರೆಯೋ ಜಾತ್ರೆ. ಎಲ್ಲರೂ ಊಟ ಬಿಟ್ಟು ಸರದಿಯಲ್ಲಿ ಕೂತರು, ಎದ್ದರು, ಮತ್ತೆ ಕೂತರು. ಕುರ್ಚಿ ಕಾದ ಕಾವಲಿಯಾಯಿತು. ಒಬ್ಬರ ಬೂಟು ಅವನ ಬೆರಳ ಮೇಲೆ, ಇನ್ನೊಬ್ಬರ ಚಹಾ ಅವನ ನೆತ್ತಿಯ ಮೇಲೆ. ಆದರೂ ಆ ಕಾಲುಗಳನ್ನು ನೋಡುತ್ತ ಅವನಿಗೆ ಎದೆ ತುಂಬಿ ಬಂತು. ತನ್ನ ಅನ್ನ ಉಳಿಸಲು ಇಷ್ಟು ಜನ ಹಸಿದು ಕೂತಿದ್ದಾರಲ್ಲ. ಅವನು ಸುರಿಸಿದ ಕಣ್ಣೀರಿಗೆ ಒಂದು ಕೆರೆ ತುಂಬುತ್ತಿತ್ತು, ಚಹಾ ಬೆರೆತದ್ದರಿಂದ ಯಾರೂ ಹಿಡಿದಿಡಲಿಲ್ಲ.

ಸಂಜೆ ನಿರ್ದೇಶಕರ ಎದುರು ಯಂತ್ರ ಸರದಿಯಲ್ಲಿ ಕೂತಿದ್ದ ಒಬ್ಬೊಬ್ಬರನ್ನೂ ತಪ್ಪದೆ ಗುರುತಿಸಿತು.

"ಭೇಷ್ ಕಣಯ್ಯ, ನಿನ್ನ ಕೆಲಸ ಕಾಯಂ," ಅಂದರು ನಿರ್ದೇಶಕರು. "ಇದನ್ನ ಈಗಲೇ ಹೊರಬಾಗಿಲಿಗೆ ಜೋಡಿಸು. ಗುರುತಿರೋರಿಗೆ ಮಾತ್ರ ತೆಗೀಲಿ. ಇನ್ಮೇಲೆ ಕಲಿಯೋದು ಬಂದ್. ಇಲ್ದಿದ್ರೆ ಕಳ್ಳರು ದಿನಾ ಬಂದು ಅಭ್ಯಾಸ ಮಾಡಿಸಿಬಿಡ್ತಾರೆ."

ಲೆಕ್ಕಪ್ಪ ತಾನೇ ನಿಂತು ಜೋಡಿಸಿ, ಕಲಿಕೆಯನ್ನೂ ಬಂದ್ ಮಾಡಿದ. ಎಲ್ಲರಿಗೂ ಕೈಮುಗಿದು, ಹೆಂಡತಿಗೆ ಫೋನ್ ಮಾಡಲು ಹೊರಗೆ ಓಡಿದ. ಹಿಂದೆ ಬಾಗಿಲು ಮುಚ್ಚಿಕೊಂಡಿತು. ತಿರುಗಿ ಕ್ಯಾಮೆರಾಕ್ಕೆ ಮುಖ ಕೊಟ್ಟ.

"ನೀವು ಯಾರು?" ಎಂದಿತು ಯಂತ್ರ.

"ಏನ್ರೀ, ಕೆಲಸ ಉಳೀತಾ?" ಎಂದಳು ಫೋನಿನಲ್ಲಿ ಹೆಂಡತಿ.

"ಉಳೀತು ಕಣೇ, ದೇವರಂಥ ಜನ ಇವರು," ಎಂದ ಲೆಕ್ಕಪ್ಪ ಬಾಗಿಲು ತಟ್ಟುತ್ತ. "ಒಳಗಿಂದ ಯಾರಾದ್ರೂ ಬಾಗಿಲು ತೆಗೆದ್ರೆ, ನಾಳೆಯಿಂದ ಕೆಲಸಕ್ಕೂ ಹೋಗ್ತೀನಿ."