ಮೂರಕ್ಕೆ ಎರಡು ಓಟು

ಎಲ್ಲಕ್ಕೂ ಮೂಲ ಆ ಹಾಳು ಐಸ್‌ಕ್ರೀಮ್ ಕೇಕು. ಸುಪೀರಿಯರ್ ಸರೋವರದ ದಡದ ಆ ಪುಟ್ಟ ಊರಿನ ಬೀದಿಗಳಲ್ಲಿ ಮೂವತ್ತೊಂದು ವರ್ಷ ಹಿಮ ಗೋರಿದ ಆರ್ವೋ ಅಂದು ನಿವೃತ್ತನಾಗುವವನಿದ್ದ. ಮರುದಿನವೇ ಹೆಂಡತಿ ಇರ್ಮಾಳೊಂದಿಗೆ ಫ್ಲಾರಿಡಾದ ಬಿಸಿಲಿಗೆ ಓಟ.

ಹೊರಡುವ ಮುನ್ನ ಒಂದು ಕೆಲಸ ಬಾಕಿಯಿತ್ತು. ಊರಿನ ನೌಕರರ ಪಿಂಚಣಿ ನಿಧಿಯ ಐವರು ಟ್ರಸ್ಟಿಗಳಲ್ಲಿ ಅವನೂ ಒಬ್ಬ. ನಿಧಿಯ ಹಣ ಹೂಡುತ್ತಿದ್ದ ಪ್ರೆಸ್ಕಾಟ್ ಎಂಬಾತ ಲಾಭವಾಗಲಿ ನಷ್ಟವಾಗಲಿ, ತನ್ನ ದಪ್ಪ ಕಮಿಷನ್ ಮಾತ್ರ ಬಿಡುತ್ತಿರಲಿಲ್ಲ. ಅಂದಿನ ಟ್ರಸ್ಟಿಗಳ ಸಭೆಯಲ್ಲಿ ರದ್ದು ಮಾಡದಿದ್ದರೆ ಅವನ ಒಪ್ಪಂದ ತಾನಾಗಿ ಇನ್ನೈದು ವರ್ಷ ಮುಂದುವರಿಯುತ್ತಿತ್ತು. ನಿವೃತ್ತರ ಪಿಂಚಣಿ ಅಷ್ಟೂ ವರ್ಷ ಏರುವ ಹಾಗಿರಲಿಲ್ಲ.

"ಮೊದಲು ಆರ್ವೋನ ನಿವೃತ್ತಿ ಅರ್ಜಿ ತಗೊಳ್ಳಿ," ಎಂದಳು ಗ್ರಂಥಾಲಯದ ಲವಾನ್, ಅವಳೂ ಟ್ರಸ್ಟಿಯೇ. "ಅದು ಪಟ್ಟೀಲಿ ಕೊನೇದು ಅಂತ ನಂಗೂ ಗೊತ್ತು. ನಿಮ್ಮ ಪಟ್ಟಿ ಮುಗಿಯೋವರೆಗೆ ಕೇಕ್ ಕರಗದೆ ಕಾಯುತ್ತಾ?"

ಅಧ್ಯಕ್ಷ ಡುವೇನನ ಕಣ್ಣೂ ಬೀಳ್ಕೊಡುಗೆಗೆಂದು ತಂದಿಟ್ಟಿದ್ದ ಆ ಕೇಕಿನ ಮೇಲೆಯೇ. ಕೊನೆಯದು ಮೊದಲಾಯಿತು. ನಿವೃತ್ತಿ ಆ ಕ್ಷಣದಿಂದಲೇ ಮಂಜೂರು. ಸಭಿಕರೆಲ್ಲ ಬಾಯಿ ಸಿಹಿ ಮಾಡಿಕೊಂಡರು.

ಆಮೇಲೆ ಪ್ರೆಸ್ಕಾಟ್ ಬಣ್ಣಬಣ್ಣದ ಚಾರ್ಟುಗಳನ್ನು ಗೋಡೆಯ ಮೇಲೆ ಮೂಡಿಸಿ, "ಇದು ಹಿಮ ಗೋರಿದ ಹಾಗಲ್ಲ ಆರ್ವೋ ಅವರೇ, ಸೂಕ್ಷ್ಮ ವಿಷಯ," ಎಂದ.

"ನಿಜ ಸ್ವಾಮಿ. ನಾನು ಗೋರದಿದ್ರೆ ನಂಗೆ ಸಂಬಳ ಇಲ್ಲ," ಎಂದ ಆರ್ವೋ. "ಒಂಬತ್ತು ವರ್ಷದಲ್ಲಿ ಏಳು ವರ್ಷ ನೀವು ಮಾರುಕಟ್ಟೆಗಿಂತ ಹಿಂದೆ ಬಿದ್ದಿದ್ದೀರಿ. ಕಣ್ಮುಚ್ಕೊಂಡು ಎಲ್ಲಾ ಕಂಪನೀಲೂ ಒಂದೊಂದು ಚೂರು ಷೇರು ತಗೊಂಡಿದ್ರೂ ನಮ್ಮ ದುಡ್ಡು ಇದಕ್ಕಿಂತ ಬೆಳೀತಿತ್ತು. ಇನ್ಮೇಲೆ ಅದನ್ನೇ ಮಾಡೋಣ."

ಪ್ರೆಸ್ಕಾಟನ ಒಪ್ಪಂದ ರದ್ದು ಮಾಡುವ ನಿರ್ಣಯ ಓಟಿಗೆ ಬಂತು; ಮೂರಕ್ಕೆ ಎರಡು ಓಟಿನಿಂದ ಆರ್ವೋ ಗೆದ್ದ. ಸಭಾಂಗಣ ಹಾರಿಹೋಗುವಷ್ಟು ಚಪ್ಪಾಳೆ. ಪ್ರೆಸ್ಕಾಟನ ಮುಖ ಇಂಗು ತಿಂದ ಮಂಗನಂತಾಯಿತು.

ಆಗ ಪುರಸಭೆಯ ವಕೀಲೆ ಹನ್ನಾ ಕನ್ನಡಕ ಸರಿಮಾಡಿಕೊಂಡಳು. "ಒಂದ್ನಿಮಿಷ. ಆರ್ವೋ ಕೂತಿರೋ ಟ್ರಸ್ಟಿ ಕುರ್ಚಿ ಕೆಲಸದಲ್ಲಿರೋ ನೌಕರಂದು. ಆರ್ವೋ ನಿವೃತ್ತರಾಗಿ ಅರ್ಧ ಗಂಟೆ ಆಯ್ತು. ಅವರ ಓಟು ನಡೆಯಲ್ಲ. ಎರಡಕ್ಕೆ ಎರಡು, ಸಮ ಆದ್ರೆ ನಿರ್ಣಯ ಬಿದ್ದುಹೋದ ಹಾಗೆ."

ಪ್ರೆಸ್ಕಾಟನ ಹಲ್ಲು ಮತ್ತೆ ಹೊರಬಂತು.

"ದಾರಿ ಇಲ್ವಾ?" ಆರ್ವೋ ಕೇಳಿದ.

"ಸಭೆ ಮುಗಿಯೋದ್ರೊಳಗೆ ನೀವು ಅರ್ಜಿ ವಾಪಸ್ ತಗೊಂಡ್ರೆ ನಿವೃತ್ತಿ ಆಗೇ ಇಲ್ಲ ಅಂತ ಲೆಕ್ಕ. ಓಟು ಉಳಿಯುತ್ತೆ. ಆದ್ರೆ ಮತ್ತೆ ಒಂದು ವರ್ಷ ಅರ್ಜಿ ಹಾಕೋ ಹಾಗಿಲ್ಲ."

ಇನ್ನೊಂದು ಚಳಿಗಾಲ. ಹಿಂದಿನ ಸಾಲಿನಿಂದ ಪಿಂಚಣಿದಾರ ಮುದುಕ ಐನೋ, "ನೀನು ಹೋಗಪ್ಪಾ ಫ್ಲಾರಿಡಾಕ್ಕೆ. ನಾವು ಇಲ್ಲಿ ಸ್ವೆಟರ್ ಮೇಲೆ ಸ್ವೆಟರ್ ಹಾಕ್ಕೊಂಡು ಹೇಗೋ ಇರ್ತೀವಿ," ಎಂದು ತುಟಿಗಂಟಿದ ಕೇಕ್ ಒರೆಸಿಕೊಂಡ.

ಆರ್ವೋ ಸಭಿಕರ ನಡುವೆ ಕೂತಿದ್ದ ಇರ್ಮಾಳತ್ತ ನೋಡಿದ.

"ನನ್ನ ಮುಖ ಏನ್ ನೋಡ್ತೀಯ? ಸಹಿ ಹಾಕು," ಎಂದಳು ಅವಳು. ಅವಳೂ ಶಾಲೆಯ ಅಡಿಗೆಮನೆಯಿಂದ ನಿವೃತ್ತಳಾಗಿ ಅದೇ ನಿಧಿಯ ಪಿಂಚಣಿ ಪಡೆಯುತ್ತಿದ್ದವಳು.

ಸಹಿ ಬಿತ್ತು. ಪ್ರೆಸ್ಕಾಟ್ ಗಂಟುಮೂಟೆ ಕಟ್ಟಿದ. ಜನ ಆರ್ವೋನನ್ನು ಹೆಗಲ ಮೇಲೆ ಹೊತ್ತು, ಜೈಕಾರ ಹಾಕುತ್ತ ಬೀದಿಗೆ ತಂದರು. ಮೇಲೆ ಕೂತವನ ಎದೆ ಉಬ್ಬಿತು. ಹುಟ್ಟಿದಾರಭ್ಯ ಅಂಥ ಮರ್ಯಾದೆ ಅವನಿಗೆ ಸಿಕ್ಕಿರಲಿಲ್ಲ.

ಇರ್ಮಾ ಕಾರಿನ ಬಾಗಿಲು ತೆರೆದಳು.

"ಎಲ್ಲಿಗೆ ಹೊರಟೆ?" ಎಂದ ಆರ್ವೋ ಮೇಲಿನಿಂದಲೇ.

"ಫ್ಲಾರಿಡಾಕ್ಕೆ," ಎಂದಳು ಇರ್ಮಾ. "ಅರ್ಜಿ ವಾಪಸ್ ತಗೊಂಡಿದ್ದು ನೀನು, ನಾನಲ್ಲವಲ್ಲ."