ತಗ್ಗು ಪಾರ್ಕಿನ ಅಧಿಕೃತ ನೆರೆ

ತಗ್ಗು ಪಾರ್ಕಿನ ಕಾಲುದಾರಿಯ ಎರಡೂ ಬದಿಗೆ ನೆಟ್ಟಿರುವ ನಲವತ್ತೆರಡು ಸೋಲಾರ್ ದೀಪಗಳು ನೀರಿಗೆ ಹೆದರುವುದಿಲ್ಲ ಎಂದು ನಗರಸಭೆ ಸರ್ವಾನುಮತದಿಂದ ಠರಾವು ಮಾಡಿದೆ. ಠರಾವು ಇಂದಿಗೂ ಜಾರಿಯಲ್ಲಿದೆ. ಧೂಳಿನ ಬಗ್ಗೆ ದೀಪಗಳ ಅಭಿಪ್ರಾಯವನ್ನು ಆಗ ಯಾರೂ ಕೇಳಿರಲಿಲ್ಲ.

ಪಾರ್ಕು ಹೆಸರಿಗೆ ತಕ್ಕಂತೆ ತಗ್ಗಿನಲ್ಲಿದೆ. ಮಳೆ ಜೋರಾದರೆ ಪಕ್ಕದ ಕೆರೆ ಉಕ್ಕಿ ನೀರು ಒಳಗೆ ಬರುತ್ತದೆ, ಮಂಡಿಯುದ್ದ ನಿಲ್ಲುತ್ತದೆ, ಎರಡು ದಿನ ಇದ್ದು ಬಂದ ದಾರಿಯಲ್ಲೇ ಹೋಗುತ್ತದೆ. ಹಳೆಯ ದೀಪಗಳು ಪ್ರತಿ ಸಲವೂ ನೀರು ಕುಡಿದು ಸಾಯುತ್ತಿದ್ದವು. ಅದಕ್ಕೇ ಈ ಹೊಸ ದೀಪ. ಗೇಣೆತ್ತರದ ಗಿಡ್ಡ ಕಂಬ, ಮೇಲೆ ಅಂಗೈಯಗಲದ ಸೋಲಾರ್ ಹಲಗೆ. ಉದ್ಘಾಟನೆಯ ದಿನ ಅಧ್ಯಕ್ಷರು ಒಂದು ದೀಪವನ್ನು ಬಕೆಟ್ಟಿನಲ್ಲಿ ಮುಳುಗಿಸಿ ಎತ್ತಿ ತೋರಿಸಿದರು. ಉರಿಯುತ್ತಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದೆವು.

ಆಮೇಲೆ ಎರಡು ವರ್ಷ ನೆರೆ ಬರಲಿಲ್ಲ. ಪಕ್ಕದ ರಸ್ತೆಯ ಕೆಲಸ ಮಾತ್ರ ಮುಗಿಯದೆ ನಡೆಯಿತು. ಅಲ್ಲಿನ ಧೂಳೆಲ್ಲ ಎದ್ದು ಬಂದು ದೀಪಗಳ ತಲೆಯ ಮೇಲೆ ಬೆರಳುದಪ್ಪ ಕೂತಿತು. ಆಗಾಗ ಬಿದ್ದ ನಾಲ್ಕು ಹನಿ ಅದನ್ನು ಗಾರೆಯ ಹಾಗೆ ಗಟ್ಟಿ ಮಾಡಿತು. ಒಂದೊಂದಾಗಿ ನಲವತ್ತೆರಡೂ ಆರಿದವು.

ಇದರಿಂದ ಯಾರಿಗೂ ತೊಂದರೆಯಾಗಲಿಲ್ಲ, ನಡೆಯುವವರನ್ನು ಬಿಟ್ಟು.

ನಾನು ಚೀಲ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇನೆ. ಆರೂವರೆಗೆ ಬಿಡುತ್ತಾರೆ. ಮೂರು ವರ್ಷದ ಮಗಳು ಪಾರ್ಕಿನ ಆಚೆಯ ಶಿಶುವಿಹಾರದಲ್ಲಿರುತ್ತಾಳೆ. ಅದು ಏಳಕ್ಕೆ ಮುಚ್ಚುತ್ತದೆ. ಪಾರ್ಕಿನೊಳಗಿಂದ ಹೋದರೆ ಕಾಲು ಗಂಟೆ, ದೊಡ್ಡ ರಸ್ತೆ ಸುತ್ತಿದರೆ ಮುಕ್ಕಾಲು ಗಂಟೆ. ಅಲ್ಲಿನ ಮೇಲ್ವಿಚಾರಕಿಗೆ ನಾವು ತಾಯಂದಿರು ಇಟ್ಟ ಹೆಸರು ಗಂಟೆ ಮೇಡಂ. ಏಳು ದಾಟಿ ಬಂದವರ ಹೆಸರಿನ ಮುಂದೆ ಅವರು ಕೆಂಪು ಗುರುತು ಹಾಕುತ್ತಾರೆ. ಮೂರು ಕೆಂಪು ಬಿದ್ದರೆ ಮಗುವಿನ ಸೀಟು ರದ್ದು. ಸೀಟು ರದ್ದಾದರೆ ನನ್ನ ಕೆಲಸವೂ ರದ್ದು. ಮಗಳ ಅಪ್ಪ ಲಾರಿ ಓಡಿಸುತ್ತ ತಿಂಗಳಿಗೊಮ್ಮೆ ಮನೆಗೆ ಬರುವವರು, ಅತ್ತೆಗೆ ಮಂಡಿನೋವು, ಮಗಳಿಗೆ ಓಡುವುದು ಬಿಟ್ಟು ಬೇರೆ ಗೊತ್ತಿಲ್ಲ.

ಮೊದಲ ಕೆಂಪು ದೊಡ್ಡ ರಸ್ತೆ ಸುತ್ತಿದ್ದಕ್ಕೆ ಬಿತ್ತು. ಎರಡನೆಯದು ಕತ್ತಲಲ್ಲಿ ಪಾರ್ಕಿನ ಮೋರಿಗೆ ಬಿದ್ದು ಎದ್ದು ಬಂದಿದ್ದಕ್ಕೆ.

“ಮೇಡಂ, ಮೋರಿಗೆ ಬಿದ್ದಿದ್ದೆ. ನೋಡಿ.”

“ಕಾಣ್ತಿದೆಯಮ್ಮ. ವಾಸನೇನೂ ಬರ್ತಿದೆ. ಆದ್ರೆ ನಿಯಮದಲ್ಲಿ ಮೋರಿ ಇಲ್ಲ. ಪ್ರಕೃತಿ ವಿಕೋಪಕ್ಕೆ ಮಾತ್ರ ವಿನಾಯಿತಿ.”

“ಮೋರಿ ಪ್ರಕೃತಿ ವಿಕೋಪ ಅಲ್ವಾ?”

“ಅದು ನಗರಸಭೇದು,” ಅಂದು ಕೆಂಪು ಪೆನ್ನಿನ ಮುಚ್ಚಳ ತೆಗೆದರು.

ಅತ್ತೆ ಇದನ್ನೆಲ್ಲ ಕೇಳಿ, “ಅಯ್ಯೋ, ಒಂದು ಒದ್ದೆ ಬಟ್ಟೆ ತಗೊಂಡು ಹೋಗಿ ಒರೆಸಿ ಬಾರೇ. ಅಷ್ಟಕ್ಕೆ ಇಷ್ಟು ರಾಮಾಯಣ ಯಾಕೆ?” ಅಂದರು. ಅತ್ತೆ ಹೇಳಿದ ಕೆಲಸವನ್ನು ಸುಲಭ ಅಂದುಕೊಂಡಿದ್ದು ಅದೇ ಮೊದಲು, ಅದೇ ಕೊನೆ. ಭಾನುವಾರ ಬಕೆಟ್ಟು, ಬಟ್ಟೆ ಹಿಡಿದು ಹೋದೆ. ಮೊದಲ ದೀಪದ ಹತ್ತಿರ ಕೂರುವಷ್ಟರಲ್ಲಿ ಪಾರ್ಕಿನ ಮಾಲಿ ಓಡಿ ಬಂದು ಫಲಕ ತೋರಿಸಿದ.

“ಸೂಚನೆ: ಅಧಿಕೃತ ತಂತ್ರಜ್ಞರ ಹೊರತು ಯಾರೂ ಕೈ, ಬಟ್ಟೆ, ಪೊರಕೆ ಅಥವಾ ಸೆರಗಿನಿಂದ ದೀಪಗಳನ್ನು ಮುಟ್ಟತಕ್ಕದ್ದಲ್ಲ. ಮುಟ್ಟಿದಲ್ಲಿ ಐದು ವರ್ಷದ ಗ್ಯಾರಂಟಿ ತಂತಾನೇ ರದ್ದಾಗುವುದು.”

“ಸೆರಗನ್ನೂ ಬರ್ದಿದ್ದಾರೆ ನೋಡಿ ಅಕ್ಕಾ. ನಿಮ್ಮಂಥವರನ್ನ ನೋಡೇ ಬರ್ದಿರೋದು.”

“ಹಾಗಾದ್ರೆ ಆ ತಂತ್ರಜ್ಞ ಎಲ್ಲಿ?”

“ದೂರು ಕೊಟ್ರೆ ಬರ್ತಾರೆ. ಬಕೆಟ್ ಇಲ್ಲೇ ಬಿಟ್ಟು ಹೋಗಿ, ಗಿಡಕ್ಕಾದ್ರೂ ಆಗುತ್ತೆ.”

ದೂರು ಕೊಡಲು ಅರ್ಧ ದಿನ ರಜೆ ಹಾಕಿ ನಗರಸಭೆಗೆ ಹೋದೆ. ಅಲ್ಲಿನ ಗುಮಾಸ್ತರನ್ನು ಊರೆಲ್ಲ ಕಾಲಂ ಸಾಹೇಬರು ಅನ್ನುತ್ತದೆ. ಕಾಲಂ ಇಲ್ಲದ ವಿಷಯ ಅವರ ಕಿವಿಗೆ ಬೀಳುವುದಿಲ್ಲ. ಅವರು ಕೊಟ್ಟ ಅರ್ಜಿಯಲ್ಲಿ ‘ದೀಪ ಹಾಳಾದ ಕಾರಣ’ ಎಂಬಲ್ಲಿ ಮೂರು ಆಯ್ಕೆಗಳಿದ್ದವು: ನೆರೆ, ಭಾರಿ ನೆರೆ, ಇತರೆ ನೆರೆ.

“ಧೂಳು ಅಂತ ಬರ್ಕೊಳ್ಳಿ ಸಾರ್.”

“ಏನಮ್ಮ, ಇದು ನೆರೆಗೆ ಅಂತಲೇ ಮಾಡಿರೋ ದೀಪ. ಧೂಳಿಂದ ಹಾಳಾಯ್ತು ಅಂದ್ರೆ ಅದರ ಮರ್ಯಾದೆ ಏನಾಗ್ಬೇಕು?”

ನನ್ನ ದನಿ ಏರಿತು. ಸೀಟಿನ ವಿಷಯ, ಮೋರಿಯ ವಿಷಯ, ಎರಡು ಕೆಂಪಿನ ವಿಷಯ ಎಲ್ಲ ಒಂದೇ ಉಸಿರಿಗೆ ಹೇಳಿದೆ. ಒಳಗಿನಿಂದ ಇಂಜಿನಿಯರ್ ಹೊರಗೆ ಬಂದರು. ಒಳ್ಳೆಯ ಮನುಷ್ಯ. ನಿಂತೇ ಪೂರ್ತಿ ಕೇಳಿಸಿಕೊಂಡರು.

“ನೋಡಮ್ಮ, ಧೂಳಿಗೆ ನಮ್ಮಲ್ಲಿ ದಾರಿ ಇಲ್ಲ. ನೆರೆಗೆ ಇದೆ. ನೆರೆ ಬಂದಿದೆ ಅಂತ ಬರೆಯೋಣ.”

“ನೀರು ಸಾರ್?”

“ಕಾಗದ ಮೊದಲು. ನೀರು ಆಮೇಲೆ.”

ಅವರು ಸುಳ್ಳು ಬರೆಯುವವರಲ್ಲ. ಅಂದೇ ಸಂಜೆ ಅಳತೆಕೋಲು ಹಿಡಿದು ಪಾರ್ಕಿಗೆ ಬಂದರು. ಕಾಲುದಾರಿಯ ನಡುವೆ ನನ್ನ ಬಕೆಟ್ಟಿತ್ತು, ಬಕೆಟ್ಟಿನಲ್ಲಿ ನೀರಿತ್ತು. ಒಂದು ಕಲ್ಲಿನ ಮೇಲೆ ಅದನ್ನಿಟ್ಟು ನೆಲದಿಂದ ನೀರಿನ ಮೇಲ್ಮೈವರೆಗೆ ಅಳೆದರು. “ದಾರಿಯ ಮೇಲೆ ನೀರಿನ ಮಟ್ಟ ಮಂಡಿಯೆತ್ತರ” ಎಂದು ಬರೆದು ಸಹಿ ಹಾಕಿದರು. ಸಾಕ್ಷಿಗೆ ಮಾಲಿ, ನಾನು.

ಮರುದಿನ ಪಾರ್ಕಿನ ಗೇಟಿಗೆ ಪ್ರಕಟಣೆ ಬಿತ್ತು.

“ಸಾರ್ವಜನಿಕರ ಗಮನಕ್ಕೆ. ತಗ್ಗು ಪಾರ್ಕು ಜಲಾವೃತವಾಗಿರುತ್ತದೆ. ಕಾಲುದಾರಿಯಲ್ಲಿ ನಡೆಯುವುದನ್ನು ನಿಷೇಧಿಸಿದೆ. ಈಜುವುದನ್ನು ಪ್ರೋತ್ಸಾಹಿಸುವುದಿಲ್ಲ. ದಾಟಬೇಕಾದವರು ನಗರಸಭೆಯ ಉಚಿತ ದೋಣಿಯನ್ನು ಬಳಸತಕ್ಕದ್ದು. ನೀರಿಲ್ಲವೆಂದು ವದಂತಿ ಹಬ್ಬಿಸುವವರ ಮೇಲೆ ಕ್ರಮ ಕೈಗೊಳ್ಳಲಾಗುವುದು.”

ದೋಣಿ ಲಾರಿಯಲ್ಲಿ ಬಂತು. ಒಣನೆಲದಲ್ಲಿ ಅದು ಚಲಿಸುವುದಿಲ್ಲ ಎಂಬ ಸಣ್ಣ ತಾಂತ್ರಿಕ ತೊಂದರೆಯನ್ನು ಇಂಜಿನಿಯರ್ ಮೊದಲೇ ಊಹಿಸಿದ್ದರು. ಕಸದ ಗಾಡಿಯ ನಾಲ್ಕು ಚಕ್ರ ತೆಗೆದು, ದೋಣಿಯ ತಳಕ್ಕೆ ತೂತು ಕೊರೆದು ಜೋಡಿಸಿದರು. ಮಾಲಿಯನ್ನು ಅಂಬಿಗನ ಹುದ್ದೆಗೆ ನೇಮಿಸಲಾಯಿತು. ಅವನು ಹುಟ್ಟನ್ನು ಹೆಗಲಿಗೇರಿಸಿ ಹಿಂದಿನಿಂದ ದೋಣಿ ತಳ್ಳುತ್ತಿದ್ದ. ದೋಣಿಯ ಮುಂದೆ ಕಂದೀಲು ಕಡ್ಡಾಯವಾದ್ದರಿಂದ ದಾರಿಗೆ ಬೆಳಕೂ ಆಯಿತು.

“ಮಾಲಿ, ಸ್ವಲ್ಪ ಬೇಗ ತಳ್ಳಪ್ಪಾ, ಏಳಾಗ್ತಾ ಬಂತು,” ಅಂದೆ ಮೊದಲ ಸಂಜೆ.

“ಅಂಬಿಗ ಅನ್ನಿ ಅಕ್ಕಾ. ಪ್ರವಾಹದಲ್ಲಿ ಆತುರ ಮಾಡ್ಬಾರ್ದು. ಲೈಫ್ ಜಾಕೆಟ್ ದಾರ ಕಟ್ಕೊಳ್ಳಿ.”

ಎಲ್ಲರ ಜಾಕೆಟ್ಟಿನ ದಾರ ನೋಡಿ, ತಲೆ ಎಣಿಸಿ, ಚೀಟಿ ಹರಿದು, ದೋಣಿ ಆಚೆ ದಡ ಮುಟ್ಟುವಾಗ ಏಳೂ ಹತ್ತು. ಮೂರನೆಯ ಕೆಂಪು ಖಾತ್ರಿ ಅಂದುಕೊಂಡೇ ಒಳಗೆ ಹೋದೆ. ಗಂಟೆ ಮೇಡಂ ಗಡಿಯಾರ ನೋಡಿದರು, ಆಮೇಲೆ ನನ್ನ ಕೈಯಲ್ಲಿದ್ದ ಚೀಟಿ ನೋಡಿದರು.

“ದೋಣಿಯಲ್ಲಿ ಬಂದ್ಯಾ? ನೆರೇನಾ?”

“ಹೌದು ಮೇಡಂ. ಮಂಡಿಯೆತ್ತರ.”

“ಮೊದಲೇ ಹೇಳ್ಬಾರ್ದಾ! ಇದಕ್ಕೆ ನಿಯಮ ಇದೆ.” ಡ್ರಾಯರಿನಿಂದ ಹಸಿರು ಪೆನ್ನು ತೆಗೆದರು. ಅದು ಬರೆಯಲಿಲ್ಲ. ನಾಲ್ಕು ಸಲ ಉಜ್ಜಿ, ಬಾಯಿಂದ ಊದಿ, ನನ್ನ ಹೆಸರಿನ ಮುಂದೆ ಹಸಿರು ಗುರುತು ಹಾಕಿದರು. ಮಗಳು ಚಪ್ಪಲಿ ತಿರುಗಾಮುರುಗಾ ಹಾಕಿಕೊಂಡು ಬಂದು ಕಾಲು ತಬ್ಬಿದಳು. ಆ ರಾತ್ರಿ ನನಗೆ ಒಳ್ಳೆಯ ನಿದ್ದೆ ಬಂತು.

ಹತ್ತನೆಯ ದಿನ ಅಧಿಕೃತ ತಂತ್ರಜ್ಞರು ಬಂದರು. ಜಾಕೆಟ್ ಹಾಕಿಕೊಂಡು ಗೇಟಿನಲ್ಲೇ ನಿಂತು ಒಣಹುಲ್ಲನ್ನು ಗಂಭೀರವಾಗಿ ನೋಡಿದರು.

“ಇಲ್ಲೇ ಎಂಟು ಹೆಜ್ಜೆ ಸಾರ್, ಒಂದು ಸಲ ಒರೆಸಿ ನೋಡಿ,” ಅಂದೆ.

“ನೀರಿಗಿಳಿಯೋಕೆ ನನಗೆ ಅನುಮತಿ ಇಲ್ಲಮ್ಮ. ನೆರೆ ಇಳಿದು ಮೂವತ್ತು ದಿನ ಆದ್ಮೇಲೆ ಬರ್ತೀನಿ.”

ಕಾಲಂ ಸಾಹೇಬರನ್ನು ಕೇಳಿದರೆ, ನೆರೆ ಇಳಿದಿದೆ ಎಂದು ಬರೆಯಲು ತಂತ್ರಜ್ಞರ ವರದಿ ಬೇಕು ಎಂದರು. ನಾನು ವಾದ ಮಾಡಲಿಲ್ಲ. ನಿಜ ಹೇಳಬೇಕೆಂದರೆ, ಅಷ್ಟು ಹೊತ್ತಿಗೆ ಅವಸರ ಯಾರಿಗೂ ಇರಲಿಲ್ಲ. ಅಂಬಿಗ ಟೋಪಿ ಹೊಲಿಸಿಕೊಂಡಿದ್ದ. ಬೆಳಗಿನ ವಾಕಿಂಗಿನವರು ದೋಣಿಯಲ್ಲಿ ಕೂತು ಕೈ ಬೀಸುತ್ತಿದ್ದರು, ಮಂಡಿಗೆ ಇದೇ ವಾಸಿ ಎನ್ನುತ್ತಿದ್ದರು. ಅದನ್ನು ಕೇಳಿ ಅತ್ತೆಯೂ ಒಂದು ಸುತ್ತು ಹೋಗಿಬಂದರು. “ಅಲೆ ಜಾಸ್ತಿ ಕಣೇ, ಹೊಟ್ಟೆ ತೊಳೆಸಿತು,” ಅಂದರು. ಅದು ದಾರಿಯ ಗುಂಡಿ ಎಂದು ನಾನು ತಿದ್ದಲಿಲ್ಲ. ವದಂತಿಯ ಮೇಲೆ ಕ್ರಮ ಇದೆಯಲ್ಲ.

ಹೀಗೆ ಇಪ್ಪತ್ತಮೂರು ಹಸಿರು ಗುರುತು ಬಿದ್ದ ಮೇಲೆ, ಒಂದು ರಾತ್ರಿ ಯಾರನ್ನೂ ಕೇಳದೆ ನಿಜವಾದ ಮಳೆ ಬಂತು. ಕೆರೆ ಉಕ್ಕಿತು. ಬೆಳಗ್ಗೆ ಪಾರ್ಕಿನ ತುಂಬ ಮಂಡಿಯುದ್ದ ನೀರು. ಅಂಬಿಗ ಅಭ್ಯಾಸಬಲದಿಂದ ದೋಣಿಯನ್ನು ನೀರಿಗೆ ತಳ್ಳಿದ. ತಳದ ತೂತುಗಳಿಂದ ನೀರು ಏರಿ ಅದು ಗೌರವದಿಂದ ಮುಳುಗಿತು. ಅವನು ಓಡಿ ಹೋಗಿ ನಗರಸಭೆಗೆ ಸುದ್ದಿ ಮುಟ್ಟಿಸಿದ.

“ಸಾರ್, ನೆರೆ ಬಂದಿದೆ!”

“ಬಂದು ತಿಂಗಳಾಯ್ತಲ್ಲಪ್ಪ,” ಅಂದರು ಕಾಲಂ ಸಾಹೇಬರು, ತಲೆ ಎತ್ತದೆ.

“ಇದು ಬೇರೆ ಸಾರ್. ಒದ್ದೆ ಇದೆ.”

“ನೆರೆ ಮೇಲೆ ನೆರೆ ಬರೆಯೋಕೆ ಕಾಲಂ ಇಲ್ಲ. ಮೊದಲನೇದು ಇಳೀಲಿ, ನೋಡೋಣ.”

ಅಂದು ಹಗಲು ಚೆನ್ನಾಗಿ ಬಿಸಿಲು ಕಾಯಿತು. ಸಂಜೆ ಕಾರ್ಖಾನೆ ಬಿಟ್ಟು ಗೇಟಿಗೆ ಬಂದರೆ ದೋಣಿ ಇಲ್ಲ, ಚೀಟಿ ಇಲ್ಲ. ನೀರಿನೊಳಗೆ ಮಾತ್ರ ಬೆಳಕಿತ್ತು. ರಾತ್ರಿಯಿಡೀ ನೆನೆದ ಗಾರೆ ಕರಗಿ ಹೋಗಿ ನಲವತ್ತೆರಡು ದೀಪಗಳೂ ನೀರಿನಡಿಯಲ್ಲಿ ಉರಿಯುತ್ತಿದ್ದವು. ಎರಡು ಸಾಲು, ನಡುವೆ ಹಳದಿಯಾಗಿ ದಾರಿ, ಮೋರಿಯ ಬಾಯಿ ಸಹ ಸ್ಪಷ್ಟವಾಗಿ ಕಾಣುತ್ತಿತ್ತು. ಅಷ್ಟು ಚೆಂದದ್ದನ್ನು ನಾನು ಆ ಪಾರ್ಕಿನಲ್ಲಿ ನೋಡಿರಲಿಲ್ಲ. ಸೀರೆ ಎತ್ತಿ ಕಟ್ಟಿ ನೇರ ನಡೆದೆ. ಏಳಕ್ಕೆ ಹತ್ತು ನಿಮಿಷ ಇರುವಾಗಲೇ ಶಿಶುವಿಹಾರದ ಬಾಗಿಲಲ್ಲಿದ್ದೆ.

ಗಂಟೆ ಮೇಡಂ ಗಡಿಯಾರ ನೋಡಿ ಬೆಚ್ಚಿದರು.

“ಇಷ್ಟು ಬೇಗ? ನೀರು ಇಳೀತಾ?”

“ಇಲ್ಲ ಮೇಡಂ, ಬಂದಿದೆ. ದೋಣಿ ಮುಳುಗಿತು. ದೀಪ ಉರೀತಿತ್ತು, ನಡ್ಕೊಂಡೇ ಬಂದೆ.”

ಅವರು ಪುಸ್ತಕ ಮುಚ್ಚಿ ಕನ್ನಡಕ ತೆಗೆದರು. ಇದು ಒಳ್ಳೆಯ ಲಕ್ಷಣವಲ್ಲ.

“ದೀಪ ಉರೀತಿದೆ ಅಂದ್ರೆ ಅದು ನೆರೆಯಿಂದ ಹಾಳಾಗಿಲ್ಲ. ಹಾಳಾಗಿಲ್ಲ ಅಂದ್ರೆ ನೆರೆ ಬಂದಿರ್ಲಿಲ್ಲ. ಬಂದಿರ್ಲಿಲ್ಲ ಅಂದ್ರೆ ಇಪ್ಪತ್ಮೂರು ಹಸಿರನ್ನೂ ನಾನು ಕೆಂಪು ಮಾಡ್ಬೇಕಾಗುತ್ತೆ. ಈ ವಾರದೊಳಗೆ ನಗರಸಭೆಯಿಂದ ಪತ್ರ ತಾ. ದೀಪ ಹಾಳಾಗಿದೆ, ನೆರೆ ಇದೆ ಅಂತ. ಇಲ್ಲಾಂದ್ರೆ ಸೀಟು ನನ್ನ ಕೈಲಿಲ್ಲಮ್ಮ.”

ನನ್ನ ಕಾಲಿನಿಂದ ಅವರ ನೆಲದ ಮೇಲೆ ನೀರು ಇಳಿಯುತ್ತಿತ್ತು. ಅದನ್ನು ಅವರು ಸಾಕ್ಷಿಯಾಗಿ ಒಪ್ಪಲಿಲ್ಲ.

ಮರುದಿನ ಕಚೇರಿ ತೆರೆಯುವ ಮೊದಲೇ ಹೋಗಿ ನಿಂತೆ. ನಾನೊಬ್ಬಳೇ ಕಷ್ಟದಲ್ಲಿಲ್ಲ ಎಂದು ಅಲ್ಲಿ ಗೊತ್ತಾಯಿತು. ಇಂಜಿನಿಯರ್ ತಮ್ಮ ಸಹಿ ಇದ್ದ ಕಡತವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಅಂಬಿಗ ಟೋಪಿ ಕೈಯಲ್ಲಿ ಹಿಡಿದು ಮತ್ತೆ ಮಾಲಿಯಾಗುವ ಭಯದಲ್ಲಿ ನಿಂತಿದ್ದ. ಕಾಲಂ ಸಾಹೇಬರ ಮುಖ ಮೊದಲ ಸಲ ಬಿಳಿಚಿತ್ತು.

“ಹಾಳಾದ ದೀಪ ಉರಿಯೋ ಹಾಗಿಲ್ಲ,” ಅಂದರು. “ಇದು ಕಡತಕ್ಕೆ ವಿರುದ್ಧ.”

“ಕಿತ್ತು ಹಾಕೋಣ ಅಂದ್ರೆ ಮುಟ್ಟೋ ಹಾಗಿಲ್ಲ,” ಅಂದರು ಇಂಜಿನಿಯರ್.

ತಿಂಗಳ ಹಿಂದೆ ಇದೇ ಮೇಜಿನ ಮುಂದೆ ದೀಪ ಹತ್ತಿಸಿ ಎಂದು ಗಂಟಲು ಹರಿದುಕೊಂಡವಳು ನಾನೇ. ಈಗ ಬಾಯಿ ಬಿಟ್ಟವಳೂ ನಾನೇ.

“ಮುಚ್ಚಿಬಿಡಿ ಸಾರ್. ಚೀಲ ನಾನು ಹೊಲ್ಕೊಡ್ತೀನಿ.”

ಇಂಜಿನಿಯರ್ ಮುಖ ಅರಳಿತು. “ಸಡಿಲವಾಗಿ ಹೊಲಿಯಮ್ಮ. ದೀಪಕ್ಕೆ ತಾಗಬಾರ್ದು. ಗ್ಯಾರಂಟಿ ಇದೆ.”

ಎರಡೂ ಬದಿಗೆ ನಾಲ್ಕು ಬೆರಳು ಜಾಗ ಬಿಟ್ಟು, ದಪ್ಪ ಕಪ್ಪು ತಾಡಪತ್ರಿಯಲ್ಲಿ ನಲವತ್ತೆರಡು ಚೀಲ ಹೊಲಿದೆ. ನೀರು ಇಳಿದಿತ್ತು, ನೆರೆ ಇಳಿದಿರಲಿಲ್ಲ. ಜಾಕೆಟ್ ಹಾಕಿಕೊಂಡು ನಾನೇ ಒಂದೊಂದಕ್ಕೂ ತೊಡಿಸಿದೆ. ಚೀಲಗಳನ್ನು ಅಧ್ಯಕ್ಷರು ಉದ್ಘಾಟಿಸಿದರು. ಒಂದು ಹನಿ ಬೆಳಕೂ ಸೋರುವುದಿಲ್ಲ ಎಂದು ಸಭೆಗೆ ತೋರಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಪತ್ರ ಸಿಕ್ಕಿತು. ಗಂಟೆ ಮೇಡಂ ಅದನ್ನು ಎರಡು ಸಲ ಓದಿ, ಹೊಸ ಹಸಿರು ಪೆನ್ನು ತರಿಸಿದರು.

ದೋಣಿಯನ್ನೂ ಕೆಸರಿನಿಂದ ಎಬ್ಬಿಸಿ ಒರೆಸಿ ಮತ್ತೆ ಬಿಟ್ಟಿದ್ದಾರೆ. ಈಗ ದಿನಾ ಏಳೂ ಹತ್ತಕ್ಕೆ ಮಗಳನ್ನು ಕರೆದುಕೊಂಡು ಅದರಲ್ಲೇ ವಾಪಸು ಬರುತ್ತೇನೆ. ನಿನ್ನೆ ಈಚೆ ದಡದಲ್ಲಿ ಇಳಿಯುವಾಗ ಅವಳು ಒಣಹುಲ್ಲಿನ ಮೇಲೆ ಕಾಲಿಡುವ ಮೊದಲು ಫ್ರಾಕನ್ನು ಎರಡೂ ಕೈಯಲ್ಲಿ ಮಂಡಿಯವರೆಗೆ ಎತ್ತಿ ಹಿಡಿದಳು. ಯಾರೂ ಹೇಳಿಕೊಟ್ಟದ್ದಲ್ಲ. ಅಂಬಿಗ ಮೆಚ್ಚಿ ತಲೆ ಸವರಿದ.

“ಇನ್ನೂ ಸ್ವಲ್ಪ ಎತ್ತೇ,” ಅಂದೆ ನಾನು. “ನೆನೆಯುತ್ತೆ.”